ದಾರಿ ಬದಲಾದರೆ ಲೆಕ್ಕವೇಕೆ ಬದಲಾಗುತ್ತದೆ?

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಅನುಕಲನವೆಂದರೆ ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಎಂದು ಪಿಯುಸಿಯಲ್ಲಿ ಕಲಿತೆ. ಈಗ ರೇಖಾ ಅನುಕಲನ ಬಂದಿದೆ. ಲೆಕ್ಕ ಮಾಡಲು ಬರುತ್ತದೆ, ಆದರೆ ಏನನ್ನು ಅಳೆಯುತ್ತಿದ್ದೇನೆ ಎಂಬುದೇ ತಿಳಿಯುತ್ತಿಲ್ಲ. (−ವೈ, ಎಕ್ಸ್) ಎಂಬ ಕ್ಷೇತ್ರಕ್ಕೆ (0, 0) ಬಿಂದುವಿನಿಂದ (1, 1) ಬಿಂದುವಿನವರೆಗೆ ನಾನು ವೈ = ಎಕ್ಸ್² ದಾರಿ ಹಿಡಿದೆ, 1/3 ಬಂತು. ಗೆಳತಿ ನೇರ ಗೆರೆ ಹಿಡಿದಳು, ಸೊನ್ನೆ ಬಂತು. ಯಾರದು ಸರಿ? ಇನ್ನೊಂದು ಸಂದೇಹ: ಅಡ್ಡ ಅವಕಲನಗಳು ಸಮವಾಗಿದ್ದರೆ ಒಂದು ಸುತ್ತು ಬಂದಾಗ ಅನುಕಲನ ಸೊನ್ನೆ ಎಂದು ಓದಿದೆ. ಆದರೆ ಅವು ಸಮವಾಗಿಯೇ ಇರುವ ಒಂದು ಲೆಕ್ಕಕ್ಕೆ ಪುಸ್ತಕದಲ್ಲಿ 2ಪೈ ಎಂದು ಉತ್ತರ ಕೊಟ್ಟಿದ್ದಾರೆ. ಮುದ್ರಣದೋಷವೇ?

ಉತ್ತರ: ಇಬ್ಬರದೂ ಸರಿ. ಪುಸ್ತಕದಲ್ಲಿ ಮುದ್ರಣದೋಷವೂ ಇಲ್ಲ. ಆದರೆ ಏನನ್ನು ಅಳೆಯುತ್ತಿದ್ದೇನೆ ಎಂದು ನೀವು ಮೊದಲಿಗೆ ಕೇಳಿದ್ದೀರಲ್ಲ, ಆ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಉಳಿದೆರಡರ ಉತ್ತರವನ್ನು ಬಾಯಿಪಾಠ ಮಾಡಬೇಕಾಗುತ್ತದೆ. ನಾನು ಓದುವಾಗ ಹಾಗೆಯೇ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಪಾಠ ಮಾಡಲು ನಿಂತ ಮೇಲೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಪಿಯುಸಿಯಲ್ಲಿ ಕಲಿತ ‘ವಿಸ್ತೀರ್ಣ’ವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ವಿಸ್ತೀರ್ಣ ಕಂಡುಹಿಡಿಯುವುದು ಅನುಕಲನದ ಹಲವು ಉಪಯೋಗಗಳಲ್ಲಿ ಒಂದು, ಅಷ್ಟೇ. ಅನುಕಲನವೆಂದರೆ ಕೂಡುವುದು. ಒಂದು ವಸ್ತುವನ್ನು ಸಣ್ಣ ಸಣ್ಣ ಚೂರು ಮಾಡಿ, ಪ್ರತಿ ಚೂರಿಗೂ ಆ ಜಾಗದ ದರದಂತೆ ಬೆಲೆ ಕಟ್ಟಿ, ಎಲ್ಲವನ್ನೂ ಕೂಡುತ್ತೇವೆ. ಚೂರುಗಳನ್ನು ಇನ್ನಷ್ಟು ಸಣ್ಣದು ಮಾಡುತ್ತ ಹೋದಾಗ ಆ ಮೊತ್ತ ಎಲ್ಲಿ ನೆಲೆ ನಿಲ್ಲುತ್ತದೆಯೋ ಅದೇ ಅನುಕಲನ. ಪಿಯುಸಿಯಲ್ಲಿ ನೀವು ಚೂರು ಮಾಡಿದ್ದು ಎಕ್ಸ್ ಅಕ್ಷವನ್ನು. ಈಗ ಚೂರು ಮಾಡುತ್ತಿರುವುದು ಒಂದು ದಾರಿಯನ್ನು.

ರೇಖಾ ಅನುಕಲನದಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಸುಲಭ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಿರುವ, ಬಾಗಿದ ಒಂದು ತಂತಿಯ ತೂಕ ಬೇಕು ಎಂದುಕೊಳ್ಳಿ. ಚೂರಿನ ಉದ್ದವನ್ನು ಅಲ್ಲಿನ ಸಾಂದ್ರತೆಯಿಂದ ಗುಣಿಸಿ ಕೂಡಿದರೆ ಮುಗಿಯಿತು. ಇದರಲ್ಲಿ ದಿಕ್ಕಿನ ಮಾತಿಲ್ಲ. ಎಡದಿಂದ ಕೂಡಿದರೂ ಬಲದಿಂದ ಕೂಡಿದರೂ ತಂತಿಯ ತೂಕ ಅಷ್ಟೇ. ನಿಮ್ಮ ತೊಂದರೆ ಇರುವುದು ಎರಡನೆಯ ಬಗೆಯಲ್ಲಿ, ದಾರಿಯುದ್ದಕ್ಕೂ ಸದಿಶ ಕ್ಷೇತ್ರವೊಂದು ಹರಡಿರುವಾಗ.

ಅದಕ್ಕೆ ಒಂದು ಹೊಳೆಗೆ ಇಳಿಯೋಣ. ನೀರು ಮೊಣಕಾಲುದ್ದ ಇದೆ. ಪ್ರತಿ ಜಾಗದಲ್ಲೂ ನೀರು ಒಂದೊಂದು ದಿಕ್ಕಿಗೆ, ಒಂದೊಂದು ರಭಸದಲ್ಲಿ ನಿಮ್ಮ ಕಾಲನ್ನು ತಳ್ಳುತ್ತಿದೆ. ಆ ತಳ್ಳುವಿಕೆ ನೀವು ನಿಂತ ಜಾಗವನ್ನು ಮಾತ್ರ ಅವಲಂಬಿಸಿದೆ, ನಿಮ್ಮ ನಡಿಗೆಯ ವೇಗವನ್ನಲ್ಲ ಎಂದಿಟ್ಟುಕೊಳ್ಳಿ. ಇದೇ ಸದಿಶ ಕ್ಷೇತ್ರ. ನೀರು ಹೋಗುವ ಕಡೆಗೇ ಒಂದು ಹೆಜ್ಜೆ ಇಟ್ಟರೆ ಅದು ನಿಮಗೆ ಪೂರ್ತಿ ನೆರವಾಯಿತು. ಎದುರಾಗಿ ಇಟ್ಟರೆ ಪೂರ್ತಿ ಅಡ್ಡಿಯಾಯಿತು. ನೀರಿಗೆ ಸರಿಯಾಗಿ ಅಡ್ಡಲಾಗಿ ಇಟ್ಟರೆ? ನೀರು ನಿಮ್ಮನ್ನು ಬೀಳಿಸಲು ನೋಡಬಹುದು, ಆದರೆ ಮುಂದಕ್ಕೂ ತಳ್ಳಲಿಲ್ಲ, ಹಿಂದಕ್ಕೂ ಎಳೆಯಲಿಲ್ಲ. ಆ ಹೆಜ್ಜೆಯ ಲೆಕ್ಕ ಸೊನ್ನೆ. ಓರೆಯಾಗಿ ಇಟ್ಟರೆ ತಳ್ಳುವಿಕೆಯಲ್ಲಿ ಹೆಜ್ಜೆಯ ದಿಕ್ಕಿಗೆ ಬೀಳುವ ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ಪುಸ್ತಕದಲ್ಲಿರುವ ಬಿಂದು ಗುಣಾಕಾರ ಮಾಡುವ ಕೆಲಸ ಇದೊಂದೇ: ಹೆಜ್ಜೆಯುದ್ದಕ್ಕೂ ಬೀಳುವ ಪಾಲನ್ನು ಉಳಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುವುದು.

ಹೆಜ್ಜೆ ಹೆಜ್ಜೆಗೂ ಹೀಗೆ ಲೆಕ್ಕ ಹಾಕಿ, ದಡ ಸೇರಿದ ಮೇಲೆ ಎಲ್ಲವನ್ನೂ ಕೂಡಿ. ‘ಈ ದಾರಿಯಲ್ಲಿ ನಡೆದದ್ದಕ್ಕೆ ನೀರು ಒಟ್ಟಾರೆ ನನಗೆ ಎಷ್ಟು ನೆರವಾಯಿತು’ ಎಂಬುದೇ ಆ ಮೊತ್ತ. ಕ್ಷೇತ್ರ ಬಲವಾಗಿದ್ದರೆ ಭೌತಶಾಸ್ತ್ರದವರು ಅದನ್ನು ಕೆಲಸ ಎನ್ನುತ್ತಾರೆ. ನೀವು ಅಳೆಯುತ್ತಿರುವುದು ಇದನ್ನೇ.

ಈಗ ನಿಮ್ಮ ಕ್ಷೇತ್ರವನ್ನು ಕಾಗದದ ಮೇಲೆ ಬಿಡಿಸಿ ನೋಡಿ. ದಯವಿಟ್ಟು ನಿಜವಾಗಿಯೂ ಬಿಡಿಸಿ. ಹತ್ತು ಬಾಣ ಹಾಕಲು ಎರಡು ನಿಮಿಷ ಸಾಕು. (1, 0) ಬಿಂದುವಿನಲ್ಲಿ ಬಾಣ (0, 1), ಅಂದರೆ ಮೇಲಕ್ಕೆ. (0, 1) ಬಿಂದುವಿನಲ್ಲಿ (−1, 0), ಎಡಕ್ಕೆ. (−1, 0) ಬಿಂದುವಿನಲ್ಲಿ ಕೆಳಕ್ಕೆ. ಮೂಲಬಿಂದುವಿನಿಂದ ದೂರ ಹೋದಷ್ಟೂ ಬಾಣ ಉದ್ದವಾಗುತ್ತದೆ. ಎಲ್ಲಿ ನಿಂತರೂ ಬಾಣವು ಮೂಲಬಿಂದುವಿನಿಂದ ನಿಮ್ಮೆಡೆಗೆ ಬರುವ ಗೆರೆಗೆ ಲಂಬವಾಗಿಯೇ ಇರುತ್ತದೆ. ಇದು ಒಂದು ಸುಳಿ, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುವ ಸುಳಿ.

ಚಿತ್ರ ಕಣ್ಣ ಮುಂದಿದ್ದರೆ ನಿಮ್ಮ ಗೆಳತಿಯ ಸೊನ್ನೆಗೆ ಲೆಕ್ಕವೇ ಬೇಡ. ಆಕೆ ಸುಳಿಯ ನಟ್ಟನಡುವಿನಿಂದ ಹೊರಟು ನೇರವಾಗಿ ಹೊರಕ್ಕೆ ನಡೆದಳು. ದಾರಿಯುದ್ದಕ್ಕೂ ನೀರು ಆಕೆಗೆ ಅಡ್ಡಲಾಗಿಯೇ ಹರಿಯಿತು. ಒಂದು ಹೆಜ್ಜೆಗೂ ನೆರವು ಸಿಗಲಿಲ್ಲ, ಒಂದು ಹೆಜ್ಜೆಗೂ ಅಡ್ಡಿಯಾಗಲಿಲ್ಲ. ನೀವಾದರೋ ಪರವಲಯದ ದಾರಿ ಹಿಡಿದಿರಿ. ಅದು ಮೊದಲು ಬಲಕ್ಕೆ ಸಾಗಿ ಆಮೇಲೆ ಮೇಲಕ್ಕೆ ಬಾಗುತ್ತದೆ, ಸುಳಿ ತಿರುಗುವ ಕಡೆಗೇ ತಿರುಗುತ್ತದೆ. ಆದ್ದರಿಂದ ನೀರು ನಿಮ್ಮನ್ನು ಸ್ವಲ್ಪ ತಳ್ಳಿತು. ಎಷ್ಟು ಎಂದರೆ 1/3. ಇನ್ನೂ ಇಬ್ಬರನ್ನು ಕಳಿಸಿ ನೋಡೋಣ. ಒಬ್ಬರು ಮೊದಲು (1, 0) ಮೂಲೆಗೆ ಹೋಗಿ ಅಲ್ಲಿಂದ ಮೇಲಕ್ಕೆ ಹೋಗಲಿ. ಮೊದಲ ಭಾಗದಲ್ಲಿ ನೀರು ಅಡ್ಡಲಾಗಿದೆ, ಸೊನ್ನೆ. ಎರಡನೆಯ ಭಾಗದಲ್ಲಿ ಮೇಲ್ಮುಖದ ತಳ್ಳುವಿಕೆ 1, ಉದ್ದ 1. ಒಟ್ಟು 1. ಇನ್ನೊಬ್ಬರು (0, 1) ಮೂಲೆಯ ಮೂಲಕ ಹೋಗಲಿ. ಅವರ ಎರಡನೆಯ ಭಾಗ ಪೂರ್ತಿ ಪ್ರವಾಹಕ್ಕೆ ಎದುರು. ಒಟ್ಟು −1.

ಹೊರಟದ್ದು ಒಂದೇ ಕಡೆ, ಸೇರಿದ್ದೂ ಒಂದೇ ಕಡೆ. ಲೆಕ್ಕ ನಾಲ್ಕು ಬಗೆ: 1, 1/3, 0, −1. ಸುಳಿಯಲ್ಲಿ ನಡೆದವರಿಗೆ ಇದರಲ್ಲಿ ಆಶ್ಚರ್ಯಪಡುವುದು ಏನೂ ಇಲ್ಲ. ‘ಎಲ್ಲಿಂದ ಎಲ್ಲಿಗೆ’ ಎಂಬುದನ್ನಷ್ಟೇ ಹೇಳಿ ‘ಯಾವ ದಾರಿ’ ಎಂಬುದನ್ನು ಹೇಳದಿದ್ದರೆ ಪ್ರಶ್ನೆಯೇ ಅಪೂರ್ಣ.

ನಿಮ್ಮ 1/3 ಬಂದ ಬಗೆಯನ್ನೂ ಒಮ್ಮೆ ನೋಡಿಬಿಡೋಣ, ಏಕೆಂದರೆ ಅಲ್ಲಿ ಹಲವರು ಎಡವುವ ಒಂದು ಕಲ್ಲಿದೆ. ಎಕ್ಸ್ = ಟಿ, ವೈ = ಟಿ² ಎಂದು ಬರೆದಿರಿ. ಆಗ ಡಿಎಕ್ಸ್ = ಡಿಟಿ, ಡಿವೈ = 2ಟಿ ಡಿಟಿ. ಕೂಡಬೇಕಾದದ್ದು −ವೈ ಡಿಎಕ್ಸ್ + ಎಕ್ಸ್ ಡಿವೈ, ಅಂದರೆ (−ಟಿ² + 2ಟಿ²) ಡಿಟಿ, ಅಂದರೆ ಟಿ² ಡಿಟಿ. 0 ಯಿಂದ 1 ರವರೆಗೆ 1/3. ಈ ‘ಟಿ’ ಯಾರು, ಎಲ್ಲಿಂದ ಬಂದ ಎಂದು ತರಗತಿಯಲ್ಲಿ ಯಾರೂ ಕೇಳುವುದಿಲ್ಲ. ಅದು ನಿಮ್ಮ ನಡಿಗೆಯ ವೇಳಾಪಟ್ಟಿ: ಯಾವ ಹೊತ್ತಿಗೆ ಎಲ್ಲಿದ್ದಿರಿ ಎಂಬ ಪಟ್ಟಿ. ದಾರಿ ಅದೇ ಇಟ್ಟುಕೊಂಡು ವೇಳಾಪಟ್ಟಿ ಬದಲಿಸಿದರೆ ಲೆಕ್ಕ ಬದಲಾಗಬಾರದು. ಪರೀಕ್ಷಿಸಿ ನೋಡಿ. ಎಕ್ಸ್ = ಟಿ², ವೈ = ಟಿ⁴ ಎನ್ನಿ. ಅದೇ ಪರವಲಯ, ಆದರೆ ಮೊದಮೊದಲು ನಿಧಾನ, ಕೊನೆಗೆ ಜೋರು. ಡಿಎಕ್ಸ್ = 2ಟಿ ಡಿಟಿ, ಡಿವೈ = 4ಟಿ³ ಡಿಟಿ. ಕೂಡಿದರೆ (−2ಟಿ⁵ + 4ಟಿ⁵) ಡಿಟಿ = 2ಟಿ⁵ ಡಿಟಿ. 0 ಯಿಂದ 1 ರವರೆಗೆ 2/6, ಅಂದರೆ 1/3. ಜೋರಾಗಿ ನಡೆದಾಗ ಹೆಜ್ಜೆ ದೊಡ್ಡದು, ಹೆಜ್ಜೆಗಳ ಸಂಖ್ಯೆ ಕಡಿಮೆ, ಒಂದನ್ನೊಂದು ಸರಿದೂಗಿಸುತ್ತವೆ. ಉತ್ತರಪತ್ರಿಕೆಗಳಲ್ಲಿ ನಾನು ಪದೇಪದೇ ಕಂಡಿರುವ ತಪ್ಪೆಂದರೆ ವೈ ಬದಲು ಟಿ² ಹಾಕಿ, ಡಿವೈಯನ್ನು ಹಾಗೆಯೇ ಬಿಟ್ಟುಬಿಡುವುದು. ವೇಳಾಪಟ್ಟಿ ಬರೆದ ಮೇಲೆ ಎಲ್ಲವೂ ಅದರಂತೆಯೇ ನಡೆಯಬೇಕು. ಇನ್ನು, ದಾರಿಯನ್ನು ಹಿಮ್ಮುಖವಾಗಿ ನಡೆದರೆ ಚಿಹ್ನೆ ಬದಲಾಗುತ್ತದೆ, ಅಷ್ಟೇ.

ಈಗ ಬೇರೊಂದು ಕ್ಷೇತ್ರ ತೆಗೆದುಕೊಳ್ಳಿ: (2 ಎಕ್ಸ್ ವೈ, ಎಕ್ಸ್²). ಅದೇ ನಾಲ್ವರನ್ನು ಅದೇ ನಾಲ್ಕು ದಾರಿಯಲ್ಲಿ ಕಳಿಸಿ. ನೇರ ಗೆರೆಯಲ್ಲಿ 3ಟಿ² ಡಿಟಿ ಕೂಡಬೇಕು, 1 ಬರುತ್ತದೆ. ಪರವಲಯದಲ್ಲಿ 4ಟಿ³ ಡಿಟಿ, ಮತ್ತೆ 1. ಎರಡೂ ಮೂಲೆಗಳ ಮೂಲಕವೂ 1. ನಾಲ್ವರಿಗೂ ಒಂದೇ ಲೆಕ್ಕ! ಮೊದಲ ಸಲ ಇದನ್ನು ಕಂಡಾಗ ನನಗೆ ಇದು ಕಾಕತಾಳೀಯ ಎನಿಸಿತ್ತು. ಕಾಕತಾಳೀಯವಲ್ಲ ಎಂಬುದನ್ನು ತಿಳಿಯಲು ಹೊಳೆ ಬಿಟ್ಟು ಬೆಟ್ಟ ಹತ್ತಬೇಕು.

ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೀರಾ? ದೊಡ್ಡದೇವರಾಜ ಒಡೆಯರ ಕಾಲದ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲುಗಳಿವೆ. ಸುತ್ತಿ ಸುತ್ತಿ ಏರುವ ವಾಹನ ರಸ್ತೆಯೂ ಇದೆ. ಇಬ್ಬರು ಬುಡದಿಂದ ಹೊರಟು, ಒಬ್ಬರು ಮೆಟ್ಟಿಲಲ್ಲಿ, ಇನ್ನೊಬ್ಬರು ರಸ್ತೆಯಲ್ಲಿ ನಡೆದು ಒಂದೇ ಕಡೆ ಸೇರಿದರು ಎಂದುಕೊಳ್ಳಿ. ರಸ್ತೆಯ ಉದ್ದ ಮೆಟ್ಟಿಲ ದಾರಿಗಿಂತ ಎಷ್ಟೋ ಹೆಚ್ಚು. ಆದರೆ ‘ಒಟ್ಟು ಎಷ್ಟು ಎತ್ತರ ಏರಿದಿರಿ’ ಎಂದು ಕೇಳಿದರೆ ಇಬ್ಬರ ಉತ್ತರವೂ ಒಂದೇ. ನಡುವೆ ನಂದಿಯ ಬಳಿ ನಾಲ್ಕು ಮೆಟ್ಟಿಲು ಇಳಿದು ಮತ್ತೆ ಹತ್ತಿದರೂ ವ್ಯತ್ಯಾಸವಿಲ್ಲ. ಇಳಿದದ್ದು ಋಣವಾಗಿ, ಹತ್ತಿದ್ದು ಧನವಾಗಿ ಅಳಿಸಿಹೋಗುತ್ತವೆ. ಏರಿದ ಎತ್ತರ 250 ಮೀಟರ್, ಹತ್ತಿದವರ ತೂಕ 60 ಕಿಲೋಗ್ರಾಂ ಎಂದಿಟ್ಟುಕೊಂಡರೆ ಗುರುತ್ವದ ವಿರುದ್ಧ ಆದ ಕೆಲಸ 60 × 9.8 × 250, ಅಂದರೆ 1,47,000 ಜೂಲ್. ದಾರಿಯ ಹೆಸರು ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಕಾಲುನೋವು ಬೇರೆ ಬೇರೆ ಇರಬಹುದು, ಅದು ಘರ್ಷಣೆಗೆ, ಸ್ನಾಯುಗಳಿಗೆ ಸಂಬಂಧಿಸಿದ್ದು. ಗುರುತ್ವಕ್ಕೆ ಗೊತ್ತಿರುವುದು ಎತ್ತರವೊಂದೇ.

(2 ಎಕ್ಸ್ ವೈ, ಎಕ್ಸ್²) ಎಂಬ ಕ್ಷೇತ್ರದ ಹಿಂದೆಯೂ ಇಂಥ ಒಂದು ಎತ್ತರ ಅಡಗಿದೆ. ಆ ಎತ್ತರ ಎಕ್ಸ್² ವೈ. ಇದನ್ನು ಎಕ್ಸ್ ದಿಕ್ಕಿನಲ್ಲಿ ಅವಕಲಿಸಿದರೆ 2 ಎಕ್ಸ್ ವೈ, ವೈ ದಿಕ್ಕಿನಲ್ಲಿ ಅವಕಲಿಸಿದರೆ ಎಕ್ಸ್². ಅಂದರೆ ಕ್ಷೇತ್ರದ ಬಾಣಗಳು ಆ ಬೆಟ್ಟದ ಏರು ಎಷ್ಟು ಕಡಿದಾಗಿದೆ, ಎತ್ತ ಕಡೆಗಿದೆ ಎಂದು ಹೇಳುತ್ತವೆ. ಹೆಜ್ಜೆಯುದ್ದಕ್ಕೂ ಬೀಳುವ ಪಾಲೆಂದರೆ ಆ ಹೆಜ್ಜೆಯಲ್ಲಿ ಏರಿದ ಎತ್ತರ. ಎಲ್ಲ ಹೆಜ್ಜೆಗಳ ಏರಿಕೆಯನ್ನು ಕೂಡಿದರೆ ಒಟ್ಟು ಏರಿಕೆ: (1, 1) ರಲ್ಲಿ ಎತ್ತರ 1, (0, 0) ಯಲ್ಲಿ 0, ವ್ಯತ್ಯಾಸ 1. ನಾಲ್ವರಿಗೂ 1 ಬಂದದ್ದು ಇದರಿಂದ. ಇದರ ಸಾಧನೆ ಪುಸ್ತಕದಲ್ಲಿ ಅರ್ಧ ಪುಟವಿರುತ್ತದೆ, ಆದರೆ ತಿರುಳು ಇಷ್ಟೇ. ಈ ಎತ್ತರಕ್ಕೆ ವಿಭವ ಎಂದು ಹೆಸರು, ಇಂಥ ಕ್ಷೇತ್ರಕ್ಕೆ ಸಂರಕ್ಷಿತ ಕ್ಷೇತ್ರ ಎಂದು ಹೆಸರು. ಭೌತಶಾಸ್ತ್ರದವರು ವಿಭವಕ್ಕೆ ಋಣ ಚಿಹ್ನೆ ಹಾಕಿಕೊಳ್ಳುತ್ತಾರೆ, ಅದಕ್ಕೆ ಗಾಬರಿಯಾಗಬೇಡಿ.

ತಿರುಗಿಸಿ ಹೇಳಿದರೂ ಸರಿಯೇ. ಯಾವ ದಾರಿಯಲ್ಲಿ ಹೋದರೂ ಒಂದೇ ಲೆಕ್ಕ ಬರುವ ಕ್ಷೇತ್ರ ಸಿಕ್ಕಿದರೆ, ಪ್ರತಿ ಬಿಂದುವಿಗೂ ‘ಮೂಲಬಿಂದುವಿನಿಂದ ಇಲ್ಲಿಗೆ ಬರಲು ಆದ ಮೊತ್ತ’ ಎಂಬ ಸಂಖ್ಯೆಯನ್ನು ಬರೆದಿಡಬಹುದು. ಆ ಸಂಖ್ಯೆಯೇ ಅಲ್ಲಿನ ಎತ್ತರ. ಸುಳಿಯಲ್ಲಿ ಇದು ಸಾಧ್ಯವಿಲ್ಲ. (1, 1) ರ ಮೇಲೆ 1 ಎಂದು ಬರೆಯಬೇಕೋ, −1 ಎಂದು ಬರೆಯಬೇಕೋ? ನಿಮ್ಮ ಮತ್ತು ನಿಮ್ಮ ಗೆಳತಿಯ ಉತ್ತರಗಳು ಬೇರೆಯಾದಾಗಲೇ ನೀವಿಬ್ಬರೂ ಸೇರಿ ಒಂದು ಸಂಗತಿಯನ್ನು ಸಾಧಿಸಿದ್ದಿರಿ: ಈ ಸುಳಿಯ ಹಿಂದೆ ಯಾವ ಬೆಟ್ಟವೂ ಇಲ್ಲ.

ಆದರೆ ಎಲ್ಲ ದಾರಿಗಳನ್ನೂ ನಡೆದು ನೋಡುವುದು ಸಾಧ್ಯವೇ? ಅದಕ್ಕೇ ಅಡ್ಡ ಅವಕಲನಗಳ ಪರೀಕ್ಷೆ ಇರುವುದು. ಕ್ಷೇತ್ರದ ಮೊದಲ ಘಟಕ ಪಿ, ಎರಡನೆಯದು ಕ್ಯೂ ಎನ್ನಿ. ಪುಟ್ಟ ಚೌಕವೊಂದರ ಸುತ್ತ, ಗಡಿಯಾರಕ್ಕೆ ಎದುರಾಗಿ ಒಂದು ಸುತ್ತು ಬನ್ನಿ. ಕೆಳಗಿನ ಅಂಚಿನಲ್ಲಿ ಬಲಕ್ಕೆ ನಡೆಯುತ್ತೀರಿ, ಪಿ ನೆರವಾಗುತ್ತದೆ. ಮೇಲಿನ ಅಂಚಿನಲ್ಲಿ ಎಡಕ್ಕೆ ಮರಳುತ್ತೀರಿ, ಅದೇ ಪಿ ಈಗ ಅಡ್ಡಿ. ಎರಡೂ ಕಡೆ ಪಿ ಸಮವಾಗಿದ್ದರೆ ಲಾಭನಷ್ಟ ಸರಿಹೋಗುತ್ತಿತ್ತು. ಮೇಲೆ ಹೋದಂತೆ ಪಿ ಹೆಚ್ಚುತ್ತಿದ್ದರೆ ನಿಮಗೆ ನಷ್ಟ. ಆ ನಷ್ಟ, ವೈ ದಿಕ್ಕಿನಲ್ಲಿ ಪಿ ಹೆಚ್ಚುವ ದರವನ್ನು ಚೌಕದ ವಿಸ್ತೀರ್ಣದಿಂದ ಗುಣಿಸಿದಷ್ಟು. ಹಾಗೆಯೇ ಬಲ ಅಂಚಿನಲ್ಲಿ ಮೇಲಕ್ಕೆ, ಎಡ ಅಂಚಿನಲ್ಲಿ ಕೆಳಕ್ಕೆ ನಡೆಯುತ್ತೀರಿ. ಬಲಕ್ಕೆ ಹೋದಂತೆ ಕ್ಯೂ ಹೆಚ್ಚುತ್ತಿದ್ದರೆ ನಿಮಗೆ ಲಾಭ. ಒಟ್ಟು ಉಳಿಕೆ: ಎಕ್ಸ್ ದಿಕ್ಕಿನಲ್ಲಿ ಕ್ಯೂ ಹೆಚ್ಚುವ ದರದಿಂದ ವೈ ದಿಕ್ಕಿನಲ್ಲಿ ಪಿ ಹೆಚ್ಚುವ ದರವನ್ನು ಕಳೆದು, ವಿಸ್ತೀರ್ಣದಿಂದ ಗುಣಿಸಿ. ಈ ಎರಡು ದರಗಳೇ ಅಡ್ಡ ಅವಕಲನಗಳು. ಅವೆರಡೂ ಸಮವಾಗಿದ್ದರೆ ಆ ಪುಟ್ಟ ಸುತ್ತಿನ ಲೆಕ್ಕ ಸೊನ್ನೆ. (2 ಎಕ್ಸ್ ವೈ, ಎಕ್ಸ್²) ನಲ್ಲಿ ಎರಡೂ 2 ಎಕ್ಸ್, ಸಮ. ಸುಳಿಯಲ್ಲಿ ಒಂದು 1, ಇನ್ನೊಂದು −1. ಉಳಿಕೆ ಪ್ರತಿ ಚದರ ಮಾನಕ್ಕೆ 2.

ಪುಟ್ಟ ಚೌಕದಿಂದ ದೊಡ್ಡ ಪ್ರದೇಶಕ್ಕೆ ಹೋಗುವ ಹಾದಿಯನ್ನು ಮಲೆನಾಡಿನ ಗದ್ದೆಯ ಬಯಲನ್ನು ನೋಡಿದವರಿಗೆ ಸುಲಭವಾಗಿ ಹೇಳಬಹುದು. ಒಂದು ದೊಡ್ಡ ಬಯಲು, ಅದರೊಳಗೆ ನೂರಾರು ಗದ್ದೆ, ನಡುನಡುವೆ ಬದು. ಪ್ರತಿ ಗದ್ದೆಗೂ ಒಬ್ಬರನ್ನು ನಿಲ್ಲಿಸಿ, ಎಲ್ಲರೂ ಗಡಿಯಾರಕ್ಕೆ ಎದುರಾಗಿ ತಮ್ಮ ತಮ್ಮ ಗದ್ದೆಯ ಬದುವಿನ ಮೇಲೆ ಒಂದೊಂದು ಸುತ್ತು ಬರಲಿ. ಎರಡು ಗದ್ದೆಗಳ ನಡುವಿನ ಬದುವಿನ ಮೇಲೆ ಈ ಕಡೆಯವರು ಒಂದು ದಿಕ್ಕಿಗೆ, ಆ ಕಡೆಯವರು ಎದುರು ದಿಕ್ಕಿಗೆ ನಡೆಯುತ್ತಾರೆ. ಒಬ್ಬರ ಲಾಭ ಇನ್ನೊಬ್ಬರ ನಷ್ಟ, ಕೂಡಿದರೆ ಸೊನ್ನೆ. ಒಳಗಿನ ಎಲ್ಲ ಬದುಗಳೂ ಹೀಗೆ ಅಳಿಸಿಹೋಗಿ, ಕೊನೆಗೆ ಉಳಿಯುವುದು ಇಡೀ ಬಯಲಿನ ಹೊರ ಬದು ಮಾತ್ರ. ಅಂದರೆ ಹೊರ ಬದುವಿನ ಸುತ್ತ ಒಬ್ಬರೇ ಬಂದ ಲೆಕ್ಕವೂ ಒಳಗಿನ ಎಲ್ಲ ಗದ್ದೆಗಳ ಉಳಿಕೆಗಳ ಮೊತ್ತವೂ ಒಂದೇ. ಇದೇ ಗ್ರೀನ್ ಪ್ರಮೇಯ.

ನಿಮ್ಮ 1/3 ಈಗ ಬೇರೆಯೇ ರೂಪದಲ್ಲಿ ಕಾಣುತ್ತದೆ ನೋಡಿ. ಪರವಲಯದಲ್ಲಿ ಹೋಗಿ, ಗೆಳತಿಯ ನೇರ ಗೆರೆಯಲ್ಲಿ ಮರಳಿ ಬನ್ನಿ. ಸುತ್ತಿನ ಲೆಕ್ಕ 1/3 − 0. ಆ ಎರಡು ದಾರಿಗಳ ನಡುವಿನ ವಿಸ್ತೀರ್ಣ 1/2 − 1/3, ಅಂದರೆ 1/6. ಪ್ರತಿ ಚದರ ಮಾನಕ್ಕೆ ಉಳಿಕೆ 2. ಗುಣಿಸಿದರೆ 1/3. ನಿಮ್ಮಿಬ್ಬರ ಉತ್ತರಗಳ ವ್ಯತ್ಯಾಸ, ನಿಮ್ಮಿಬ್ಬರ ದಾರಿಗಳು ಸುತ್ತುವರಿದ ನೆಲದ ಎರಡರಷ್ಟು. ಪಕ್ಕಕ್ಕಿಟ್ಟಿದ್ದ ವಿಸ್ತೀರ್ಣ ಹಿಂಬಾಗಿಲಿನಿಂದ ಒಳಗೆ ಬಂತು!

ಜಾರ್ಜ್ ಗ್ರೀನ್ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1793ರಲ್ಲಿ ಹುಟ್ಟಿದ ಈತ ಬ್ರೆಡ್ ಮಾಡುವವರ ಮಗ. ಶಾಲೆಗೆ ಹೋದದ್ದು ಸುಮಾರು ಒಂದು ವರ್ಷ. ತಂದೆ ಕಟ್ಟಿಸಿದ ಗಾಳಿಗಿರಣಿಯಲ್ಲಿ ಹಿಟ್ಟು ಬೀಸುತ್ತಲೇ ಗಣಿತ ಕಲಿತು, 1828ರಲ್ಲಿ ವಿದ್ಯುತ್ತು ಮತ್ತು ಕಾಂತತ್ವದ ಮೇಲೆ ಒಂದು ಪ್ರಬಂಧವನ್ನು ಚಂದಾ ಎತ್ತಿ ತಾನೇ ಅಚ್ಚು ಹಾಕಿಸಿದ. ಚಂದಾ ಕೊಟ್ಟವರು ಸುಮಾರು 50 ಜನ. ವಿಭವ ಎಂಬ ಕಲ್ಪನೆಗೆ ಆ ಹೆಸರನ್ನು ಕೊಟ್ಟು ಗಟ್ಟಿಯಾಗಿ ನಿಲ್ಲಿಸಿದ್ದು ಆ ಪ್ರಬಂಧ. ಕೇಂಬ್ರಿಜ್‌ಗೆ ವಿದ್ಯಾರ್ಥಿಯಾಗಿ ಸೇರಿದಾಗ ಆತನಿಗೆ 40 ವರ್ಷ. 1841ರಲ್ಲಿ ತೀರಿಕೊಂಡ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್‌ಗೆ 1845ರಲ್ಲಿ ಆ ಪ್ರಬಂಧ ಸಿಕ್ಕಿ, ಆತ ಅದನ್ನು ಯುರೋಪಿನ ಗಣಿತಜ್ಞರಿಗೆ ತೋರಿಸಿದ ಮೇಲೆಯೇ ಲೋಕಕ್ಕೆ ಅದರ ಬೆಲೆ ತಿಳಿದದ್ದು. ನಿಮ್ಮ ಪುಸ್ತಕದಲ್ಲಿರುವ ಸಮತಲದ ರೂಪವನ್ನು ಅಚ್ಚಿನಲ್ಲಿ ತಂದವನು 1846ರಲ್ಲಿ ಫ್ರಾನ್ಸಿನ ಕೋಶಿ. ಆದರೆ ಹೆಸರು ಗಿರಣಿಯವನದೇ ಉಳಿದಿದೆ. ಆ ಗಾಳಿಗಿರಣಿಯನ್ನು ದುರಸ್ತಿ ಮಾಡಿ ಈಗ ವಿಜ್ಞಾನ ಕೇಂದ್ರವನ್ನಾಗಿ ಮಾಡಿದ್ದಾರೆ.

ಸುಳಿಯ ಸುತ್ತು ವಿಸ್ತೀರ್ಣದ ಎರಡರಷ್ಟು ಎಂಬ ಮಾತು ಪರೀಕ್ಷೆಗೆ ಮಾತ್ರ ಮೀಸಲಾದದ್ದಲ್ಲ. ಜಮೀನಿನ ಸುತ್ತ ಮೊಬೈಲ್ ಹಿಡಿದು ನಡೆದರೆ ‘ಇಷ್ಟು ಗುಂಟೆ’ ಎಂದು ತೋರಿಸುವ ಆ್ಯಪ್‌ಗಳನ್ನು ನೀವು ನೋಡಿರಬಹುದು. ಜಮೀನಿನ ಒಳಗೆ ಕಾಲಿಡದೆ, ಬರೀ ಅಂಚಿನಲ್ಲಿ ನಡೆದು ಒಳಗಿನ ವಿಸ್ತೀರ್ಣ ಹೇಗೆ ತಿಳಿಯುತ್ತದೆ? (−ವೈ, ಎಕ್ಸ್) ಕ್ಷೇತ್ರದ ರೇಖಾ ಅನುಕಲನವನ್ನು ನೇರ ಅಂಚಿನ ಮೇಲೆ ತೆಗೆದರೆ ಸಿಗುವುದು ಬಹಳ ಸರಳ: ಮೊದಲ ತುದಿಯ ಎಕ್ಸ್ × ಎರಡನೆಯ ತುದಿಯ ವೈ, ಅದರಿಂದ ಎರಡನೆಯ ತುದಿಯ ಎಕ್ಸ್ × ಮೊದಲ ತುದಿಯ ವೈ ಕಳೆಯಿರಿ. ಒಂದು ಜಮೀನಿನ ನಾಲ್ಕು ಮೂಲೆಗಳು ಮೀಟರುಗಳಲ್ಲಿ (0, 0), (60, 10), (70, 50), (10, 40) ಎನ್ನಿ. ಮೊದಲ ಅಂಚು ಮೂಲಬಿಂದುವಿನಿಂದ ಹೊರಡುತ್ತದೆ, ಸೊನ್ನೆ. ಎರಡನೆಯದು 60 × 50 − 70 × 10 = 2300. ಮೂರನೆಯದು 70 × 40 − 10 × 50 = 2300. ಕೊನೆಯದು ಮತ್ತೆ ಮೂಲಬಿಂದುವಿಗೆ, ಸೊನ್ನೆ. ಒಟ್ಟು 4600, ಅರ್ಧ ಮಾಡಿದರೆ 2300 ಚದರ ಮೀಟರ್. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಸುಮಾರು 101.17 ಚದರ ಮೀಟರ್. ಹಾಗಾಗಿ ಜಮೀನು ಹತ್ತಿರ ಹತ್ತಿರ ಇಪ್ಪತ್ತೆರಡೂ ಮುಕ್ಕಾಲು ಗುಂಟೆ. ಗಡಿಯಾರದ ದಿಕ್ಕಿನಲ್ಲಿ ನಡೆದಿದ್ದರೆ ಇದೇ ಸಂಖ್ಯೆ ಋಣವಾಗಿ ಬರುತ್ತಿತ್ತು, ಚಿಹ್ನೆಯನ್ನು ಬಿಟ್ಟುಬಿಟ್ಟರಾಯಿತು. ಆದರೆ ನಡೆಯುವಾಗ ನಿಮ್ಮ ದಾರಿಯನ್ನು ನೀವೇ ಅಡ್ಡ ಹಾಯ್ದು ಎಂಟರ ಆಕಾರ ಮಾಡಿದಿರೋ, ಒಂದು ಭಾಗ ಧನ, ಇನ್ನೊಂದು ಭಾಗ ಋಣವಾಗಿ ಲೆಕ್ಕ ಕೆಡುತ್ತದೆ. ಮೊಬೈಲ್ ಇಲ್ಲದ ಕಾಲದಲ್ಲಿ ಇದೇ ತತ್ವದ ಮೇಲೆ ಸ್ವಿಟ್ಜರ್ಲೆಂಡಿನ ಯಾಕೋಬ್ ಆಮ್ಸ್ಲರ್ 1854ರಲ್ಲಿ ಪ್ಲಾನಿಮೀಟರ್ ಎಂಬ ಪುಟ್ಟ ಉಪಕರಣ ಮಾಡಿದ್ದ. ನಕ್ಷೆಯ ಮೇಲೆ ಗಡಿಯುದ್ದಕ್ಕೂ ಅದರ ಮೊನೆಯನ್ನು ಓಡಿಸಿದರೆ ಒಂದು ಚಕ್ರ ತಿರುಗಿ ವಿಸ್ತೀರ್ಣ ಹೇಳುತ್ತಿತ್ತು. ಕಾಗದದ ಮೇಲೆ ಉರುಳುವ ಆ ಚಕ್ರ ಮಾಡುವುದೂ ನೀವು ಮಾಡಿದ್ದನ್ನೇ: ಚಲನೆಯಲ್ಲಿ ಒಂದು ದಿಕ್ಕಿನ ಪಾಲನ್ನು ಮಾತ್ರ ಹಿಡಿದು ಕೂಡುವುದು.

ಇನ್ನು ಆ 2ಪೈ. ನೀವು ಹೇಳಿದ ಲೆಕ್ಕ ಬಹುಶಃ ಇದು: ಅದೇ ಸುಳಿ, ಆದರೆ ಎರಡೂ ಘಟಕಗಳನ್ನು (ಎಕ್ಸ್² + ವೈ²) ನಿಂದ ಭಾಗಿಸಿದೆ. ಈ ಸುಳಿಯಲ್ಲಿ ನಡುವಿನಿಂದ ದೂರ ಹೋದಂತೆ ರಭಸ ಕಡಿಮೆಯಾಗುತ್ತದೆ. ದೂರ ಎರಡರಷ್ಟಾದರೆ ರಭಸ ಅರ್ಧ. ಅಡ್ಡ ಅವಕಲನಗಳನ್ನು ತೆಗೆದು ನೋಡಿ, ಎರಡೂ (ವೈ² − ಎಕ್ಸ್²) / (ಎಕ್ಸ್² + ವೈ²)². ಸಮವೇ. ಆದರೂ ಮೂಲಬಿಂದುವಿನ ಸುತ್ತ ಒಂದು ವೃತ್ತ ಹಾಕಿದರೆ ದಾರಿಯುದ್ದಕ್ಕೂ ನೀರು ಬೆನ್ನ ಹಿಂದಿನಿಂದಲೇ ತಳ್ಳುತ್ತದೆ, ಸೊನ್ನೆ ಬರುವ ಮಾತೇ ಇಲ್ಲ. ತ್ರಿಜ್ಯ ಎಷ್ಟೇ ಇರಲಿ, ಪರಿಧಿ 2ಪೈ × ತ್ರಿಜ್ಯ, ರಭಸ 1/ತ್ರಿಜ್ಯ, ಗುಣಲಬ್ಧ 2ಪೈ.

ಮತ್ತೆ ಬಯಲಿಗೆ ಬನ್ನಿ. ಎಲ್ಲ ಗದ್ದೆಗಳ ಉಳಿಕೆಯೂ ಸೊನ್ನೆ, ಆದರೆ ಬಯಲಿನ ನಡುವೆ ಒಂದು ಬಾವಿ ಇದೆ. ಮೂಲಬಿಂದುವಿನಲ್ಲಿ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಅಲ್ಲಿ ಕ್ಷೇತ್ರವೇ ಇಲ್ಲ. ಬಾವಿಯೊಳಗೆ ಯಾರನ್ನೂ ನಿಲ್ಲಿಸುವಂತಿಲ್ಲ. ಆದ್ದರಿಂದ ಬಾವಿಯ ಕಟ್ಟೆಯ ಲೆಕ್ಕವನ್ನು ಅಳಿಸುವವರು ಯಾರೂ ಇಲ್ಲ. ಬಾವಿಯನ್ನು ಒಳಗೊಳ್ಳದ ಯಾವ ಸುತ್ತು ಹಾಕಿದರೂ ಸೊನ್ನೆಯೇ ಬರುತ್ತದೆ. ಬಾವಿಯನ್ನು ಒಮ್ಮೆ ಸುತ್ತಿದರೆ, ಆಕಾರ ಹೇಗೇ ಇರಲಿ, 2ಪೈ. ಇಲ್ಲಿ ‘ಎತ್ತರ’ವೂ ಇಲ್ಲದೆ ಇಲ್ಲ: ಮೂಲಬಿಂದುವಿನಿಂದ ನೋಡಿದಾಗ ನೀವು ಇರುವ ಕೋನವೇ ಆ ಎತ್ತರ. ಅದು ಸುರುಳಿ ಮೆಟ್ಟಿಲಿನಂತೆ. ಒಂದು ಸುತ್ತು ಬಂದರೆ ಅದೇ ಜಾಗದ ನೇರ ಮೇಲಿನ ಅಂತಸ್ತಿನಲ್ಲಿ ಇರುತ್ತೀರಿ. ಪರೀಕ್ಷೆಯ ವಾಕ್ಯದಲ್ಲಿ ‘ಒಳಗೆ ತೂತಿಲ್ಲದ ಪ್ರದೇಶದಲ್ಲಿ’ ಎಂಬ ಷರತ್ತು ಇದ್ದೇ ಇರುತ್ತದೆ. ಓದುವಾಗ ಕಣ್ಣು ಅದರ ಮೇಲೆ ಜಾರಿಹೋಗುತ್ತದೆ.

ಈ ಬಾವಿಯನ್ನು ನಾನು ಕಣ್ಣಾರೆ ಕಂಡದ್ದು ನಮ್ಮ ಮನೆಯ ನೀರಿನ ಮೋಟರ್ ಕೆಟ್ಟಾಗ. ದುರಸ್ತಿಗೆ ಬಂದ ಎಲೆಕ್ಟ್ರಿಷಿಯನ್ ಚೀಲದಿಂದ ಕ್ಲ್ಯಾಂಪ್ ಮೀಟರ್ ತೆಗೆದರು. ಇಕ್ಕಳದಂಥ ಬಾಯಿ; ಒತ್ತಿದರೆ ತೆರೆಯುತ್ತದೆ, ಬಿಟ್ಟರೆ ತಂತಿಯ ಸುತ್ತ ಉಂಗುರದಂತೆ ಮುಚ್ಚಿಕೊಳ್ಳುತ್ತದೆ. ತಂತಿಯನ್ನು ಕತ್ತರಿಸದೆ, ಮುಟ್ಟದೆ ಅವರು ಅದರಲ್ಲಿ ಹರಿಯುವ ವಿದ್ಯುತ್ತನ್ನು ಓದಿದರು: 6.4 ಆಂಪಿಯರ್. ನೇರ ತಂತಿಯ ಸುತ್ತಲಿನ ಕಾಂತಕ್ಷೇತ್ರ ಇದೇ ಎರಡನೆಯ ಸುಳಿ, ತಂತಿಯೇ ಆ ಬಾವಿ. ಉಂಗುರದ ಸುತ್ತ ಆ ಕ್ಷೇತ್ರದ ರೇಖಾ ಅನುಕಲನ ಒಳಗೆ ಹಾದುಹೋಗುವ ವಿದ್ಯುತ್ತಿಗೆ ಅನುಪಾತದಲ್ಲಿರುತ್ತದೆ ಎಂಬುದು ಆಂಪಿಯರ್ ನಿಯಮ. ತಂತಿಯನ್ನು ಉಂಗುರದ ನಟ್ಟನಡುವಿನಿಂದ ಅಂಚಿಗೆ ಸರಿಸಿ ಎಂದು ಕೇಳಿಕೊಂಡೆ. ಸಂಖ್ಯೆ ಹೆಚ್ಚುಕಡಿಮೆ ಅಲುಗಲಿಲ್ಲ. ಹೋಗುವ ತಂತಿ, ಬರುವ ತಂತಿ ಎರಡನ್ನೂ ಒಟ್ಟಿಗೆ ಬಾಯಿಯೊಳಗೆ ಹಿಡಿಯಿರಿ ಎಂದೆ. ಮೀಟರ್ 0.0 ತೋರಿಸಿತು. ಎದುರುಬದುರು ತಿರುಗುವ ಎರಡು ಸುಳಿಗಳು. ಒಂದರ 2ಪೈ, ಇನ್ನೊಂದರ −2ಪೈ.

ಅವರಿಗೆ ಇದು ದಿನನಿತ್ಯದ ಮಾತು. ‘ಕಡಿಮೆ ಕರೆಂಟು ಅಳೆಯಬೇಕಾದರೆ ನಾವು ಹೀಗೆ ಮಾಡುತ್ತೇವೆ’ ಎಂದು ಮೋಟರ್ ಆಫ್ ಮಾಡಿ, ಒಂದೇ ತಂತಿಯನ್ನು ಉಂಗುರದೊಳಗೆ ಎರಡು ಸಲ ಹಾಯಿಸಿ ಸುತ್ತಿ, ಮತ್ತೆ ಆನ್ ಮಾಡಿದರು. ಮೀಟರ್ 12.8 ತೋರಿಸಿತು. ಅದನ್ನು ಎರಡರಿಂದ ಭಾಗಿಸಿ, ಗೋಡೆಯ ಮೇಲೆ ಪೆನ್ಸಿಲ್‌ನಿಂದ 6.4 ಎಂದು ಬರೆದುಕೊಂಡರು.